ಕಣ್ಣಿಗೆ ಕಾಣದ ಸಾಮಾನು

ಮನೆ ಬದಲಾಯಿಸುವುದೆಂದರೆ ಏನೆಂದು ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಬದಲಾಯಿಸಿ ನೋಡು ಎನ್ನುವುದನ್ನು ಮರೆತರೋ, ಇಲ್ಲವೇ ಆ ಗಾದೆ ಮಾಡಿದವರು ಗಂಡಸರೋ, ಎರಡರಲ್ಲಿ ಒಂದು ನಿಜವಿರಬೇಕು. ಲಾರಿ ಗೊತ್ತು ಮಾಡಿ ಹಾಸಿಗೆ ಸುತ್ತಿದರೆ ಅವರ ಪಾಲಿಗೆ ಮನೆ ಬದಲಾದಂತೆಯೇ. ಉಪ್ಪಿನಕಾಯಿ ಜಾಡಿ ಯಾವ ಡಬ್ಬದೊಳಗೆ ಕೂತಿದೆ, ದೇವರ ಪೆಟ್ಟಿಗೆಯ ಮೇಲೆ ಯಾವ ಗಂಟು ಬಿದ್ದಿದೆ, ಹಾಲಿನವನ ಲೆಕ್ಕ ತೀರಿತೆ, ಗ್ಯಾಸಿನ ಕಾಗದ ಎಲ್ಲಿದೆ, ರೇಷನ್ ಕಾರ್ಡು ಯಾರ ಕೈಯಲ್ಲಿದೆ, ಇಷ್ಟೂ ನಮ್ಮ ತಲೆಯಲ್ಲಿಯೇ ಇರಬೇಕು. ಸರಕಾರಿ ಶಾಲೆಯ ನೌಕರಿಯಲ್ಲಿ ನಾನು ಹೊಸದುರ್ಗ, ಅರಕಲಗೂಡು, ಬೇಲೂರು, ಈಗ ಹಾಸನ ಎಂದು ನಾಲ್ಕು ಊರಿನ ನೀರು ಕುಡಿದವಳು. ಪ್ರತಿ ವರ್ಗಾವಣೆಯೂ ಏನಾದರೊಂದು ಸಾಮಾನನ್ನು ನುಂಗಿಯೇ ಮುಗಿಯುತ್ತದೆ ಎನ್ನುವುದು ನನ್ನ ಅನುಭವ.

ಆದರೆ 2024ರ ಬೇಸಿಗೆ ರಜೆಯಲ್ಲಿ ನಾನು ಕಂಡ ಮನೆ ಬದಲಾವಣೆ ಬೇರೆ ಥರದ್ದು. 137 ಸಂಸಾರಗಳು ಒಂದರ ಹಿಂದೊಂದು ಗಂಟುಮೂಟೆ ಕಟ್ಟಿ ಹೊರಟವು. ಲಾರಿಯಿಲ್ಲ, ಕೂಲಿಯವರಿಲ್ಲ, ಒಂದು ತುಂಡು ಹಗ್ಗವೂ ಇಲ್ಲ. ನಡೆದದ್ದೆಲ್ಲ ಮೈಸೂರಿನ ನನ್ನ ಮಗಳ ಮನೆಯ ಊಟದ ಮೇಜಿನ ಮೇಲೆ.

ನನ್ನ ಮಗಳು ವೆಬ್ ಹೋಸ್ಟಿಂಗ್ ಮಾಡುತ್ತಾಳೆ. ಮದುವೆ ಮುಂಜಿಗಳಲ್ಲಿ ಬಂಧುಗಳು ಸಿಕ್ಕಿ "ಮಗಳು ಏನು ಮಾಡ್ತಿದಾಳೆ?" ಎಂದಾಗ ಮೊದಮೊದಲು "ಕಂಪ್ಯೂಟರ್ ಕೆಲಸ" ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಈಗ ವಿವರಿಸುವಷ್ಟು ಧೈರ್ಯ ಬಂದಿದೆ. ಹಳೆಯ ಮೈಸೂರಿನ ವಠಾರ ನೆನಪಿಸಿಕೊಳ್ಳಿ. ಉದ್ದನೆಯ ಒಂದು ಕಟ್ಟಡ, ಅದರಲ್ಲಿ ಸಾಲಾಗಿ ಮನೆಗಳು, ಎಲ್ಲರಿಗೂ ಸೇರಿ ಒಂದು ಬಾವಿ, ಒಂದು ಹೆಬ್ಬಾಗಿಲು. ಸರ್ವರ್ ಎನ್ನುವ ಕಂಪ್ಯೂಟರು ಆ ವಠಾರ. ಅದರಲ್ಲಿ ಒಂದೊಂದು ವೆಬ್‌ಸೈಟಿಗೆ ಒಂದೊಂದು ಖಾತೆ, ಅಂದರೆ ಒಂದೊಂದು ಬಾಡಿಗೆ ಮನೆ. ನನ್ನ ಮಗಳ ವಠಾರದಲ್ಲಿ ಸೀರೆ ಅಂಗಡಿಯವರಿದ್ದಾರೆ, ಇಬ್ಬರು ದಂತವೈದ್ಯರಿದ್ದಾರೆ, ಒಂದು ಕಲ್ಯಾಣ ಮಂಟಪ, ಒಂದು ಸಹಕಾರ ಸಂಘ, ಕೊಡಗಿನ ನಾಲ್ಕೈದು ಹೋಂಸ್ಟೇಗಳು, ಮತ್ತು ನಮ್ಮ ಶಾಲೆ. ಕಟ್ಟಡ ಮಾತ್ರ ಮುಂಬಯಿಯಲ್ಲಿ. ಅವಳು ಅದನ್ನು ಕಣ್ಣಾರೆ ಕಂಡಿಲ್ಲ. "ನೋಡದೇ ಇರುವ ಮನೆಯನ್ನು ಬಾಡಿಗೆಗೆ ಕೊಡ್ತೀಯಲ್ಲೇ" ಎಂದರೆ, "ನೀನು ನೋಡದೇ ಇರೋ ಹುಡುಗನ್ನ ಮದುವೆ ಆಗಲಿಲ್ವಾ ಅಮ್ಮ?" ಎನ್ನುತ್ತಾಳೆ. ನಾನು ನೋಡಿಯೇ ಆದದ್ದು. ಆ ವಿಷಯ ಬೇರೆ.

ಇಂಥ ವಠಾರಕ್ಕೆ ಒಬ್ಬ ಮೇಲ್ವಿಚಾರಕ ಬೇಕಲ್ಲವೆ? ಯಾರ ಮನೆಗೆ ಯಾವ ಬೀಗ, ಯಾರಿಗೆ ಎಷ್ಟು ಜಾಗ, ಯಾರ ಹೆಸರಿಗೆ ಎಷ್ಟು ಅಂಚೆಪೆಟ್ಟಿಗೆ ಎಂದು ನೋಡಿಕೊಳ್ಳುವವನು. ಅದೇ ಕಂಟ್ರೋಲ್ ಪ್ಯಾನೆಲ್. ಅದು ಇಲ್ಲದಿದ್ದರೆ ಪ್ರತಿಯೊಂದು ಕೆಲಸಕ್ಕೂ ಕಪ್ಪು ಪರದೆಯ ಮೇಲೆ ಮಂತ್ರದಂಥ ಆಜ್ಞೆಗಳನ್ನು ಬೆರಳಚ್ಚು ಮಾಡಬೇಕು. ಅದು ಇದ್ದರೆ ಸೀರೆ ಅಂಗಡಿಯ ಹುಡುಗನೂ ಗುಂಡಿ ಒತ್ತಿ ತನ್ನ ಇ-ಮೇಲ್ ವಿಳಾಸವನ್ನು ತಾನೇ ಮಾಡಿಕೊಳ್ಳಬಹುದು. ಈ ಪ್ಯಾನೆಲ್‌ಗಳಲ್ಲಿ ಬಹಳ ಹೆಸರು ಮಾಡಿದ್ದು ಸಿಪ್ಯಾನೆಲ್. 1996ರಲ್ಲಿ ಅಮೆರಿಕದ ನಿಕ್ ಕೋಸ್ಟನ್ ಎಂಬುವರು ಬರೆಯಲು ತೊಡಗಿದ್ದು. ಪ್ಲೆಸ್ಕ್ ಎನ್ನುವುದು ಇನ್ನೊಂದು. ಕೆನಡಾದಲ್ಲಿ ಹುಟ್ಟಿದ ಡೈರೆಕ್ಟ್‌ಅಡ್ಮಿನ್ ಮತ್ತೊಂದು. ಕೆಲಸ ಎಲ್ಲವುದರದೂ ಒಂದೇ. ಆದರೆ ಒಬ್ಬೊಬ್ಬ ಸೊಸೆ ಒಂದೊಂದು ಕಡೆ ಸಾಸಿವೆ ಡಬ್ಬ ಇಡುವಂತೆ, ಯಾವ ವಸ್ತು ಎಲ್ಲಿರಬೇಕು ಎನ್ನುವುದರಲ್ಲಿ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಹೊರಡುವ ಪ್ರಸಂಗ ಏಕೆ ಬಂತು ಎನ್ನುತ್ತೀರಾ? ಮಗಳ ಹಳೆಯ ಸರ್ವರ್ ನಡೆಯುತ್ತಿದ್ದದ್ದು ಸೆಂಟ್‌ಓಎಸ್ 7 ಎಂಬ ವ್ಯವಸ್ಥೆಯ ಮೇಲೆ. 2014ರಲ್ಲಿ ಬಂದ ಅದಕ್ಕೆ 2024ರ ಜೂನ್ 30 ಕೊನೆಯ ದಿನ ಎಂದು ಮೊದಲೇ ಗೊತ್ತಾಗಿತ್ತು. ಆ ದಿನ ಕಳೆದರೆ ಗೋಡೆ ಬಿರುಕು ಬಿಟ್ಟರೆ ಗಾರೆ ಹಾಕುವವರಿಲ್ಲ, ಕಳ್ಳ ಕಿಟಕಿ ಮುರಿದರೆ ಸರಿಮಾಡುವವರಿಲ್ಲ. ಹೇಗೂ ಮನೆ ಬಿಡಬೇಕು. ಬಿಡುವಾಗ ಬಾಡಿಗೆಯ ಲೆಕ್ಕವನ್ನೂ ಹಾಕುವುದು ಸಂಸಾರವಂದಿಗರ ಲಕ್ಷಣ. ಸಿಪ್ಯಾನೆಲ್‌ನವರು ಮೊದಲು ಒಂದು ಸರ್ವರ್‌ಗೆ ಇಷ್ಟು ಎಂದು ಬಾಡಿಗೆ ಪಡೆಯುತ್ತಿದ್ದರು. 2019ರಲ್ಲಿ ಅದನ್ನು ಬದಲಿಸಿ ಒಳಗಿರುವ ಖಾತೆಗಳನ್ನು ಎಣಿಸಿ ದರ ಕಟ್ಟುವ ಪದ್ಧತಿ ತಂದರು. ಅದು ಅವರ ಸ್ವತ್ತು, ದರ ಕಟ್ಟುವುದು ಅವರ ಹಕ್ಕು. ಡೈರೆಕ್ಟ್‌ಅಡ್ಮಿನ್‌ನಲ್ಲಿ ತಲೆ ಎಣಿಸದೆ ಒಂದೇ ಬಾಡಿಗೆ ಪಡೆಯುವ ಏರ್ಪಾಡೂ ಇದೆ. ನನ್ನ ಮಗಳು ಗಣಿತದವಳು. ಕೂಡಿ ಕಳೆದು ನೋಡಿ ಅದನ್ನೇ ಆರಿಸಿಕೊಂಡಳು.

ಆ ವರ್ಷ ಲೋಕಸಭಾ ಚುನಾವಣೆ. ಏಪ್ರಿಲ್ 26ರಂದು ಮತದಾನದ ಕೆಲಸ ಮುಗಿಸಿ, ಬೆರಳಿನ ಶಾಯಿ ಇನ್ನೂ ಆರುವ ಮೊದಲೇ ಎನ್ನುವಂತೆ ನಾನು ಮೈಸೂರಿಗೆ ಹೋದೆ. ಮೊಮ್ಮಗನನ್ನು ನೋಡಿಕೊಳ್ಳುವುದು ಹೇಳಿಕೊಂಡ ಕಾರಣ. ಹೇಳಿಕೊಳ್ಳದ ಕಾರಣ ನಮ್ಮ ಶಾಲೆಯ ವೆಬ್‌ಸೈಟು.

ಅದರ ಕತೆ ಹೇಳಿಬಿಡುತ್ತೇನೆ. ನಮ್ಮ ಶಾಲೆಯಲ್ಲಿ ಕನ್ನಡ ಹೇಳುತ್ತಿದ್ದ ಹಿರಿಯ ಟೀಚರೊಬ್ಬರಿದ್ದರು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದುದು. 2013ರಲ್ಲಿ ಅವರು ಎಂಟನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಮನೆಯಲ್ಲಿ ಅಜ್ಜಿಯೋ ಮುತ್ತಜ್ಜಿಯೋ ಇದ್ದರೆ ಅವರಿಂದ ಒಂದು ಹಾಡು ಕೇಳಿ ಬರೆದುಕೊಂಡು ಬನ್ನಿ ಎಂದು. ಮಕ್ಕಳು ತಂದ ಹಾಡುಗಳನ್ನು ಓದಿ ಅಕ್ಕನಿಗೆ ಸಮಾಧಾನವಾಗಲಿಲ್ಲ. ರಾಗ ಬೇಕಲ್ಲ! ಭಾನುವಾರಗಳಲ್ಲಿ ಬಸ್ಸು ಹತ್ತಿ ಹಳ್ಳಿ ಹಳ್ಳಿಗೆ ಹೋಗಿ, ಒಂದು ಚಿಕ್ಕ ರೆಕಾರ್ಡರ್ ಹಿಡಿದು ಆ ಅಜ್ಜಿಯರ ಎದುರು ಕುಳಿತರು. ಸೋಬಾನೆ, ಬೀಸುವ ಪದ, ಮಗುವನ್ನು ತೂಗುವ ಪದ, ಹಸೆಗೆ ಕರೆಯುವ ಹಾಡು. ಹೀಗೆ 64 ಹಾಡು. ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಗೆ ವೆಬ್‌ಸೈಟು ಮಾಡಿಕೊಟ್ಟಾಗ ಅಕ್ಕ ಅವನ ಬೆನ್ನು ಹತ್ತಿ ಆ ಹಾಡುಗಳನ್ನೂ ಅದಕ್ಕೆ ಸೇರಿಸಿದರು. ಹಾಡಿದ ಅಜ್ಜಿಯರಲ್ಲಿ ಹೆಚ್ಚಿನವರು ಈಗಿಲ್ಲ. 2021ರ ಕೊರೋನಾದಲ್ಲಿ ಅಕ್ಕನೂ ಹೋದರು. ರೆಕಾರ್ಡರ್ ಎಲ್ಲಿದೆಯೋ ಅವರ ಮನೆಯವರಿಗೂ ಸಿಗಲಿಲ್ಲ. ಉಳಿದದ್ದು ಮುಂಬಯಿಯ ಯಾವುದೋ ಕಟ್ಟಡದ ಆ ಸರ್ವರಿನಲ್ಲಿ ಇದ್ದಷ್ಟೇ. ಈಗ ಹೇಳಿ, ಅದನ್ನು ಗಂಟು ಕಟ್ಟುವಾಗ ನಾನು ಹಾಸನದಲ್ಲಿ ಹಪ್ಪಳ ಒಣಗಿಸುತ್ತ ಕೂರುವುದೆ?

ಮಗಳು ದಿನಕ್ಕೆ ಹತ್ತು ಹದಿನೈದು ಖಾತೆಗಳಂತೆ ಸಾಗಿಸುವುದೆಂದು ಪಟ್ಟಿ ಹಾಕಿದಳು. ಪ್ರತಿ ಖಾತೆಯನ್ನೂ ಹಳೆಯ ಪ್ಯಾನೆಲ್ ಒಂದೇ ಮೂಟೆಯಾಗಿ ಕಟ್ಟಿಕೊಡುತ್ತದೆ. ಅದರೊಳಗೆ ವೆಬ್‌ಸೈಟಿನ ಕಡತಗಳು, ಮಾಹಿತಿ ತುಂಬಿದ ಡೇಟಾಬೇಸುಗಳು, ಇ-ಮೇಲ್ ಪೆಟ್ಟಿಗೆಗಳು, ಒಬ್ಬರಿಗೆ ಬಂದ ಪತ್ರವನ್ನು ಇನ್ನೊಬ್ಬರಿಗೆ ದಾಟಿಸುವ ಸೂಚನೆಗಳು, ಹೊತ್ತು ಹೊತ್ತಿಗೆ ತಾವಾಗಿ ನಡೆಯಬೇಕಾದ ಕೆಲಸಗಳ ಪಟ್ಟಿ, ಭದ್ರತೆಯ ಪ್ರಮಾಣಪತ್ರ, ವಿಳಾಸದ ದಾಖಲೆ ಎಲ್ಲವೂ ಇರುತ್ತವೆ. ಹೊಸ ಪ್ಯಾನೆಲ್ ಆ ಮೂಟೆಯನ್ನು ಬಿಚ್ಚಿ ತನ್ನ ಪದ್ಧತಿಯಂತೆ ಜೋಡಿಸಿಕೊಳ್ಳುತ್ತದೆ. ಅಲ್ಲಿ ಅಂಚೆಪೆಟ್ಟಿಗೆಗಳು ನಡುಮನೆಯಲ್ಲಿದ್ದರೆ ಇಲ್ಲಿ ಹಿತ್ತಿಲ ಕೋಣೆಯಲ್ಲಿ. ಅದು ದೊಡ್ಡ ವಿಷಯವಲ್ಲ. ಕಷ್ಟವಿರುವುದು ಮೂಟೆಯಲ್ಲಿ ಇರದ ಸಾಮಾನಿನಲ್ಲಿ ಎಂದು ಮಗಳು ಮೊದಲನೆಯ ದಿನವೇ ಹೇಳಿದ್ದಳು. ಅದರ ಅರ್ಥ ನನಗೆ ಆಮೇಲೆ ಆಯಿತು.

ಹೊಸ ಮನೆಯಲ್ಲಿ ಎಲ್ಲ ಸರಿಯಿದೆಯೋ ಇಲ್ಲವೋ ಎಂದು ಊರಿಗೆಲ್ಲ ವಿಳಾಸ ಹಂಚುವ ಮೊದಲೇ ನೋಡಬೇಕು. ಇದಕ್ಕೊಂದು ಸೊಗಸಾದ ಉಪಾಯವಿದೆ. ಕಂಪ್ಯೂಟರುಗಳಿಗೆ ಹೆಸರು ತಿಳಿಯುವುದಿಲ್ಲ. ಅವಕ್ಕೆ ತಿಳಿಯುವುದು ಅಂಕಿ. ಹೆಸರು ಕೊಟ್ಟರೆ ಅಂಕಿ ಹುಡುಕಿಕೊಡುವ ಡಿಎನ್‌ಎಸ್ ಎಂಬ ಏರ್ಪಾಡು ಲೋಕದ ತುಂಬ ಹಬ್ಬಿದೆ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬುವರು ಅದರ ನಕ್ಷೆ ಹಾಕಿದರು. ಅದಕ್ಕೂ ಮೊದಲು ಇಡೀ ಜಾಲದ ಹೆಸರು ವಿಳಾಸವೆಲ್ಲ ಒಂದೇ ಒಂದು ಕಡತದಲ್ಲಿತ್ತು. ಕ್ಯಾಲಿಫೋರ್ನಿಯಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ಕಾಯುತ್ತಿದ್ದ ಕಚೇರಿಯ ಮುಖ್ಯಸ್ಥೆ ಎಲಿಜಬೆತ್ ಫೈನ್ಲರ್ ಎಂಬ ಹೆಂಗಸು. 1972ರಿಂದ 1989ರವರೆಗೆ ಆ ಕೆಲಸದಲ್ಲಿದ್ದವರು. ಹೊಸ ಕಂಪ್ಯೂಟರು ಜಾಲಕ್ಕೆ ಸೇರಬೇಕಾದರೆ ಅವರ ಕಚೇರಿಗೆ ತಿಳಿಸಿ ಹೆಸರು ಬರೆಸಬೇಕಿತ್ತು. ಡಾಟ್ ಕಾಮ್ ಎಂದು ನಾವೆಲ್ಲ ಹೇಳುತ್ತೇವಲ್ಲ, ಆ ಬಗೆಯ ಕೊನೆಹೆಸರುಗಳನ್ನು ಗೊತ್ತುಪಡಿಸಿದವರಲ್ಲಿಯೂ ಅವರು, ಅವರ ಕಚೇರಿಯವರು ಇದ್ದರು. ಇದನ್ನು ಮಗಳು ಹೇಳಿದಾಗ ನನಗೆ ನಮ್ಮ ಹಾಜರಿ ಪುಸ್ತಕ ನೆನಪಾಗಿ ಖುಷಿಯಾಯಿತು. ಯಾರು ಬಂದರು, ಯಾರು ಹೋದರು ಎಂದು ಬರೆದಿಡುವ ಕೆಲಸ ಅಲ್ಲಿಯೂ ಹೆಂಗಸಿನ ಪಾಲಿಗೇ ಬಂದಿತ್ತು ನೋಡಿ.

ಆ ಹಳೆಯ ಕಡತದ ಮರಿಯೊಂದು ಈಗಲೂ ಪ್ರತಿ ಕಂಪ್ಯೂಟರಿನೊಳಗೆ ಇದೆಯಂತೆ. ಹೆಸರು ಹೋಸ್ಟ್ಸ್. ಮಗಳು ತನ್ನ ಕಂಪ್ಯೂಟರಿನ ಆ ಕಡತದಲ್ಲಿ ನಮ್ಮ ಶಾಲೆಯ ಹೆಸರಿನ ಮುಂದೆ ಹೊಸ ಮನೆಯ ಅಂಕಿ ಬರೆದಳು. ಊರಿಗೆಲ್ಲ ಹಳೆಯ ಮನೆ ಕಾಣುತ್ತಿದ್ದಾಗ ನಮ್ಮಿಬ್ಬರಿಗೆ ಮಾತ್ರ ಹೊಸ ಮನೆ ಕಂಡಿತು.

ಕಂಡದ್ದೇನು? ಕನ್ನಡವಿರಬೇಕಾದ ಕಡೆಯಲ್ಲೆಲ್ಲ ತಲೆಯ ಮೇಲೆ ಗೀಟು ಚುಕ್ಕಿಗಳಿರುವ ಯಾವುದೋ ಪರದೇಶದ ಅಕ್ಷರಗಳು! ಶಾಲೆಯ ಹೆಸರಿಲ್ಲ, ಅಜ್ಜಿಯರ ಹೆಸರಿಲ್ಲ, ಪುಟದ ತುಂಬ ಇರುವೆ ಸಾಲು ಕೆದರಿದಂತೆ. ನನ್ನ ಎದೆ ಧಸಕ್ಕೆಂದಿತು. ಮಗಳು ಮಾತ್ರ ಹಾಲು ಉಕ್ಕಿದ್ದನ್ನು ಕಂಡ ಗೃಹಿಣಿಯಂತೆ ನಿಟ್ಟುಸಿರಿಟ್ಟು, "ಲ್ಯಾಟಿನ್ ಒನ್" ಎಂದಳು.

ವಿಷಯ ಇಷ್ಟು. ಕನ್ನಡದ ಒಂದೊಂದು ಗುರುತನ್ನೂ ಕಂಪ್ಯೂಟರು ಮೂರು ಮೂರು ಚೂರಾಗಿ ಇಟ್ಟುಕೊಳ್ಳುತ್ತದೆ. 'ಅಮ್ಮ' ಎಂಬ ಪದದಲ್ಲಿ ಅ, ಮ, ಒತ್ತು ಬರುವುದೆಂದು ತಿಳಿಸುವ ಗುರುತು, ಮತ್ತೊಂದು ಮ, ಹೀಗೆ ನಾಲ್ಕು. ನಾಲ್ಕು ಮೂರಲೆ ಹನ್ನೆರಡು ಚೂರು. ಮೂರು ಮೂರಾಗಿ ಸೇರಿಸಿ ಓದಿದರೆ ಅಮ್ಮ. ಬಿಡಿಬಿಡಿಯಾಗಿ ಓದಿದರೆ ಹನ್ನೆರಡು ಪರದೇಶಿಗಳು. ಹೇಗೆ ಓದಬೇಕೆಂದು ಡೇಟಾಬೇಸಿನ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ನಮ್ಮ ಸೈಟಿನ ಡೇಟಾಬೇಸು ಮೈ-ಎಸ್‌ಕ್ಯೂಎಲ್ ಎಂಬುದು. ಸ್ವೀಡನ್ನಿನ ಕಂಪನಿಯೊಂದು ಬೆಳೆಸಿದ ಸರಕಾದ್ದರಿಂದ, ಯಾರೂ ಬೇರೆ ಹೇಳದಿದ್ದರೆ ಅದು ತಾನಾಗಿ 'ಲ್ಯಾಟಿನ್ ಅಕ್ಷರ, ಸ್ವೀಡಿಷ್ ಅಕಾರಾದಿ' ಎಂಬ ಚೀಟಿ ಅಂಟಿಸಿಕೊಳ್ಳುತ್ತಿತ್ತು. 2018ರಲ್ಲಿ ಬಂದ ಎಂಟನೆಯ ಆವೃತ್ತಿಯಲ್ಲಿ ಆ ಪದ್ಧತಿ ಹೋಯಿತು. ನಮ್ಮದು 2013ರದ್ದು. ಅಂದರೆ ಅರಕಲಗೂಡು, ಹೊಳೆನರಸೀಪುರದ ಅಜ್ಜಿಯರ ಬೀಸುವ ಪದಗಳು ಹನ್ನೊಂದು ವರ್ಷ ಸ್ವೀಡಿಷ್ ಚೀಟಿ ಅಂಟಿಸಿಕೊಂಡ ಡಬ್ಬದಲ್ಲಿದ್ದವು. ಹಳೆಯ ಮನೆಯಲ್ಲಿ ಒಳಗೆ ಹಾಕುವವರೂ ಹೊರಗೆ ತೆಗೆಯುವವರೂ ಚೀಟಿ ನೋಡದೆಯೇ ಕೆಲಸ ಮಾಡುತ್ತಿದ್ದುದರಿಂದ ಗುಟ್ಟು ರಟ್ಟಾಗಲಿಲ್ಲ. ಹೊಸ ಮನೆಯವನು ಶಿಸ್ತಿನ ಆಸಾಮಿ. ಚೀಟಿ ಓದಿ, ಅದರಂತೆಯೇ ಒಂದೊಂದು ಚೂರನ್ನೂ ಬೇರೆ ಅಕ್ಷರವೆಂದು ಭಾವಿಸಿ ತಿರುಗಿಸಿಬಿಟ್ಟ.

ಸಕ್ಕರೆ ಡಬ್ಬದ ಮೇಲೆ ರವೆ ಎಂದು ಬರೆದಿದ್ದರೂ ನಮ್ಮ ನಮ್ಮ ಅಡುಗೆಮನೆಯಲ್ಲಿ ಕಾಫಿ ಕೆಡುವುದಿಲ್ಲ. ಹೊಸದಾಗಿ ಬಂದ ಅಡುಗೆಯವಳು ಅದನ್ನು ಓದಿ ಉಪ್ಪಿಟ್ಟು ಮಾಡಹೊರಟರೆ ಗತಿ? ಪುಣ್ಯಕ್ಕೆ ಸಕ್ಕರೆ ಹಾಳಾಗಿರಲಿಲ್ಲ. ಮಗಳು ಹಳೆಯ ಮನೆಗೆ ಮರಳಿ, "ಏನನ್ನೂ ತಿರುಗಿಸಬೇಡ, ಇದ್ದದ್ದನ್ನು ಇದ್ದಂತೆ ಕೊಡು" ಎಂದು ಹೇಳಿ ಚೂರುಗಳನ್ನು ಹೊರತೆಗೆದಳು. ಚೀಟಿ ಬದಲಿಸಿ ಹೊಸ ಮನೆಯಲ್ಲಿ ತುಂಬಿದಳು. ಪುಟವನ್ನು ಮತ್ತೆ ತೆರೆದಾಗ ಅಮ್ಮ ಅಮ್ಮನಾಗಿಯೇ ಇದ್ದಳು.

"ಈಗ ಎಲ್ಲ ಸರಿಯಾಯ್ತಮ್ಮ. ಹಳೆಯದರಲ್ಲಿ ಎಷ್ಟು ಸಾಲಿದ್ದವೋ ಇಲ್ಲಿಯೂ ಅಷ್ಟೇ ಇದೆ" ಎಂದು ಮಗಳು ಮುಂದಿನ ಖಾತೆಗೆ ಹೋದಳು. ಪರೀಕ್ಷೆ ನಡೆಸಿ ನಡೆಸಿ ಬೆಳೆದ ನನ್ನ ಬುದ್ಧಿ ಅಷ್ಟಕ್ಕೆ ಒಪ್ಪಲಿಲ್ಲ. ಉತ್ತರಪತ್ರಿಕೆಯ ಪುಟಗಳನ್ನು ಎಣಿಸಿ ಅಂಕ ಕೊಡುವವರುಂಟೆ? ಮೊಮ್ಮಗ ಮಲಗಿದ ಮೇಲೆ ಒಂದು ನೋಟುಪುಸ್ತಕದಲ್ಲಿ 1ರಿಂದ 64ರವರೆಗೆ ಅಂಕಿ ಹಾಕಿಕೊಂಡು, ಕಿವಿಗೆ ಸಿಕ್ಕಿಸುವ ಯಂತ್ರ ಸಿಕ್ಕಿಸಿಕೊಂಡು, ಹಾಡುಗಳನ್ನು ಒಂದೊಂದಾಗಿ ಕೇಳತೊಡಗಿದೆ. ಎರಡು ಮಧ್ಯಾಹ್ನ ಹಿಡಿಯಿತು. ಕೆಲವು ಅಜ್ಜಿಯರು ಹಾಡುವ ಮೊದಲು ಕೆಮ್ಮುತ್ತಾರೆ. ಒಬ್ಬರು, "ಮರ್ತೋಗಿದೆ ಕಣವ್ವ" ಎಂದು ಹೇಳಿ ಆಮೇಲೆ ಏಳು ನಿಮಿಷ ಹಾಡುತ್ತಾರೆ. ಹಿನ್ನೆಲೆಯಲ್ಲಿ ಕೋಳಿ, ಕರು, ದೂರದ ಬಸ್ಸಿನ ಹಾರನ್ನು. ಅಲ್ಲಲ್ಲಿ ಅಕ್ಕನ ದನಿ: "ಇನ್ನೊಂದ್ಸಲ ಹೇಳಿ ಅಜ್ಜಿ, ನಿಧಾನಕ್ಕೆ." ಮೂರು ವರ್ಷದ ಮೇಲೆ ಆ ದನಿ ಕೇಳಿ ನಾನು ಯಂತ್ರ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ನಲವತ್ತಾರನೆಯ ಹಾಡು ಹಾಡಲಿಲ್ಲ. ನಲವತ್ತೇಳೂ ಇಲ್ಲ. ಅಲ್ಲಿಂದ ಕೊನೆಯವರೆಗೆ 19 ಹಾಡುಗಳು. ಪುಟವಿದೆ, ಅಜ್ಜಿಯ ಹೆಸರಿದೆ, ಊರಿದೆ, ಒತ್ತುವ ಗುಂಡಿಯಿದೆ, ಒತ್ತಿದರೆ ಸದ್ದಿಲ್ಲ. ಹಳೆಯ ಸರ್ವರಿನಲ್ಲಿ ಒತ್ತಿದರೆ ಹಾಡುತ್ತದೆ.

ಮಗಳನ್ನು ಕರೆದೆ. ಅವಳು ಬಂದು ನೋಡಿ, ಹಣೆ ಗಂಟಿಕ್ಕಿ, ಹಳೆಯ ಮನೆಯ ಮೂಲೆ ಮೂಲೆ ತಡಕಿ ಕೊನೆಗೆ ಹಿಡಿದಳು. ಹಿಂದೊಮ್ಮೆ ಆ ಸರ್ವರಿನ ಡಿಸ್ಕು ತುಂಬಿಹೋಗಿದ್ದಾಗ, ಆಗ ಅದನ್ನು ನೋಡಿಕೊಳ್ಳುತ್ತಿದ್ದ ಯಾರೋ ಕೆಲವು ಕಡತಗಳನ್ನು ಎರಡನೆಯ ಡಿಸ್ಕಿನಲ್ಲಿಟ್ಟು, ಮೊದಲಿನ ಜಾಗದಲ್ಲಿ ಒಂದು ಗುರುತು ಮಾತ್ರ ಬಿಟ್ಟಿದ್ದರು. 'ಇಲ್ಲಿರಬೇಕಾದ ಪೆಟ್ಟಿಗೆ ಪಕ್ಕದ ಮನೆಯ ಅಟ್ಟದ ಮೇಲಿದೆ' ಎಂಬ ಚೀಟಿ ಇದ್ದ ಹಾಗೆ. ಮೂಟೆ ಕಟ್ಟುವ ಯಂತ್ರಕ್ಕೆ ಏನು ಗೊತ್ತು? ಅದು ಚೀಟಿಯನ್ನು ನಾಜೂಕಾಗಿ ಮಡಿಸಿ ಮೂಟೆಗೆ ಹಾಕಿಕೊಂಡಿತು. ಪೆಟ್ಟಿಗೆ ಅಟ್ಟದ ಮೇಲೆಯೇ ಉಳಿಯಿತು. ಹೊಸ ಊರಿನಲ್ಲಿ ಚೀಟಿ ಬಿಚ್ಚಿದರೆ ಪಕ್ಕದ ಮನೆಯೆಲ್ಲಿ, ಅಟ್ಟವೆಲ್ಲಿ?

ಹಳೆಯ ಸರ್ವರನ್ನು ಜೂನ್ ಕೊನೆಗೆ ಒಪ್ಪಿಸಿಬಿಡುವುದಿತ್ತು. ಒಪ್ಪಿಸಿದ ಮೇಲೆ ಅದರ ಡಿಸ್ಕುಗಳನ್ನು ಅಳಿಸಿ ಇನ್ನೊಬ್ಬರಿಗೆ ಕೊಡುತ್ತಾರೆ. ಆಮೇಲೆ ಆ ಹತ್ತೊಂಬತ್ತು ಅಜ್ಜಿಯರನ್ನು ಯಾವ ದೇವರೂ ತಂದುಕೊಡುತ್ತಿರಲಿಲ್ಲ. ಮಗಳು ಆ ರಾತ್ರಿಯೇ ಅವನ್ನು ಕೈಯಾರೆ ಸಾಗಿಸಿದಳು. ಆಮೇಲೆ ಉಳಿದ 136 ಖಾತೆಗಳಲ್ಲೂ ಇಂಥ ಚೀಟಿಗಳಿವೆಯೇ ಎಂದು ಹುಡುಕುವ ಒಂದು ಚಿಕ್ಕ ಪ್ರೋಗ್ರಾಮು ಬರೆದಳು. ಮತ್ತೆ ಮೂರು ಕಡೆ ಸಿಕ್ಕಿದವು. ಒಂದರಲ್ಲಿ ದಂತವೈದ್ಯರ ನಾಲ್ಕು ವರ್ಷದ ರೋಗಿಗಳ ಪಟ್ಟಿಯಿತ್ತು. "ಅಮ್ಮ, ನಿನಗೆ ಸಂಬಳ ಕೊಡಬೇಕು" ಎಂದಳು. ಅಳಿಯಂದಿರು ಆ ಸಂಬಳದ ಬಾಬ್ತು ಮರುದಿನ ಒಂದು ಕೆಜಿ ಮೈಸೂರು ಪಾಕು ತಂದರು.

ಇನ್ನು ವಿಳಾಸ ಬದಲಿಸುವ ಕೆಲಸ. ಲೋಕದ ಬೇರೆ ಬೇರೆ ಕಡೆಯ ಕಂಪ್ಯೂಟರುಗಳು ಒಮ್ಮೆ ಕೇಳಿದ ವಿಳಾಸವನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತವೆ. ಎಷ್ಟು ಕಾಲ ಎನ್ನುವುದನ್ನು ನಾವೇ ಸೆಕೆಂಡುಗಳಲ್ಲಿ ಬರೆದಿರಬೇಕು. 86,400 ಎಂದರೆ ಪೂರ್ತಿ ಒಂದು ದಿನ. ಹಾಗೆಯೇ ಬಿಟ್ಟು ಮನೆ ಬದಲಿಸಿದರೆ ಒಂದು ದಿನವೆಲ್ಲ ನೆಂಟರು ಹಳೆಯ ಬಾಗಿಲನ್ನೇ ತಟ್ಟುತ್ತಾರೆ. ಅದಕ್ಕೇ ಮಗಳು ಎರಡು ದಿನ ಮೊದಲೇ ಅದನ್ನು 300ಕ್ಕೆ ಇಳಿಸಿದ್ದಳು. ಅಂದರೆ ಐದು ನಿಮಿಷ. ರಾತ್ರಿ ಹನ್ನೊಂದಕ್ಕೆ ವಿಳಾಸ ಬದಲಿಸಿದಾಗ ಹೆಚ್ಚಿನವರಿಗೆ ಹತ್ತು ನಿಮಿಷದಲ್ಲಿ ಹೊಸ ಮನೆ ಕಂಡಿತು. ಹಾಗಿದ್ದರೂ ಎಲ್ಲೋ ಮಂದಬುದ್ಧಿಯ ಯಂತ್ರಗಳು ಇದ್ದೇ ಇರುತ್ತವಂತೆ. ಅವು ಹಳೆಯ ಮನೆಗೇ ತಂದು ಹಾಕಿದ ಪತ್ರಗಳನ್ನು ಆಯ್ದು ತರಲು ಮೂರು ದಿನ, ದಿನಕ್ಕೆರಡು ಸಲ ಹಳೆಯ ಪೆಟ್ಟಿಗೆಯನ್ನೂ ಹೊಸ ಪೆಟ್ಟಿಗೆಯನ್ನೂ ಸರಿಗೂಡಿಸಿದಳು. ನಾವು ಬೇಲೂರು ಬಿಟ್ಟ ಮೇಲೆ ಅಲ್ಲಿಯ ಪೋಸ್ಟ್‌ಮ್ಯಾನ್ ಎಂಟು ತಿಂಗಳು ನಮ್ಮ ಕಾಗದಗಳನ್ನು ತಿದ್ದಿ ಹಾಸನಕ್ಕೆ ಕಳಿಸಿದ್ದನ್ನು ನೆನೆದುಕೊಂಡೆ. ಆ ಪುಣ್ಯಾತ್ಮನಿಗೆ ನಾವು ಕೊಟ್ಟದ್ದು ದೀಪಾವಳಿಯ ಇನಾಮು ಮಾತ್ರ.

ಇದರ ನಡುವೆ ಹಾಸನದಿಂದ ನಮ್ಮವರ ಫೋನು ಬರುತ್ತಿತ್ತು. ಡಿಕಾಕ್ಷನ್ ಫಿಲ್ಟರು ಎಲ್ಲಿದೆ ಎಂಬ ಒಂದೇ ಪ್ರಶ್ನೆಯನ್ನು ಮೂರು ದಿನ ಕೇಳಿದರು. ಮೂವತ್ತು ವರ್ಷದಿಂದ ಅದು ಇದ್ದ ಜಾಗದಲ್ಲಿಯೇ ಇದೆ!

ಕೊನೆಯಲ್ಲಿ ಉಳಿದದ್ದು ಒಂದು ಅಂಚೆಪೆಟ್ಟಿಗೆ.

ನಮ್ಮ ಶಾಲೆಯ ಖಾತೆಯಲ್ಲಿ ಆರು ಇ-ಮೇಲ್ ಪೆಟ್ಟಿಗೆಗಳಿದ್ದವು. ಅವುಗಳಲ್ಲಿ ಒಂದು ಅಕ್ಕನ ಹೆಸರಿನದು. ಮಗಳು ಪಟ್ಟಿ ತೋರಿಸಿ, "ಇದನ್ನೇನು ಮಾಡಲಮ್ಮ? ಕೊನೆಯ ಸಲ ತೆರೆದದ್ದು 2021ರ ಏಪ್ರಿಲ್. ಉಪಯೋಗದಲ್ಲಿಲ್ಲದ ಪೆಟ್ಟಿಗೆಗಳನ್ನು ಬಿಟ್ಟು ಹೋಗೋದು ವಾಡಿಕೆ" ಎಂದಳು. ಆಮೇಲೆ ಸ್ವಲ್ಪ ತಡೆದು, "ಆದರೆ ಪತ್ರ ಬರ್ತಾನೇ ಇದೆ" ಎಂದಳು.

ಹೇಗೆ ಗೊತ್ತೆಂದರೆ, ಪೆಟ್ಟಿಗೆ ತೆರೆಯದೆಯೇ ಗೊತ್ತಾಗುತ್ತದೆ. ಓದಿರುವ ಪತ್ರಗಳಿಗೆ ಒಂದು ಗೂಡು, ಇನ್ನೂ ಮುಟ್ಟದ ಪತ್ರಗಳಿಗೆ ಒಂದು ಗೂಡು ಇರುತ್ತದಂತೆ. ಒಳಗಿನ ಬರಹ ನೋಡದೆ ಎಷ್ಟಿವೆ, ಯಾವ ದಿನ ಬಂದವು ಎಂದು ಎಣಿಸಬಹುದು. ಬೇರೆ ತಿಂಗಳಲ್ಲಿ ಒಂದೋ ಎರಡೋ. ಪ್ರತಿ ವರ್ಷ ಸೆಪ್ಟೆಂಬರ್ 5ರಂದು ಮಾತ್ರ ಹತ್ತು, ಹನ್ನೆರಡು, ಹದಿನಾಲ್ಕು. ಶಿಕ್ಷಕರ ದಿನಾಚರಣೆ! ಎಲ್ಲೆಲ್ಲಿಯೋ ಇರುವ ಹಳೆಯ ಮಕ್ಕಳು; ಸುದ್ದಿ ತಿಳಿಯದವರು ಬರೆದರೋ, ತಿಳಿದೂ ಬರೆದರೋ ನಾನು ಹೇಗೆ ಹೇಳಲಿ?

ಪಾಸ್‌ವರ್ಡು ಯಾರಿಗೂ ಗೊತ್ತಿಲ್ಲ. ಸರ್ವರಿಗೂ ಗೊತ್ತಿಲ್ಲ ಎಂದು ಮಗಳು ಹೇಳಿದಾಗ ನನಗೆ ಆಶ್ಚರ್ಯ. ನಾವು ಕೊಟ್ಟ ಪದವನ್ನು ಅದು ಇಟ್ಟುಕೊಳ್ಳುವುದೇ ಇಲ್ಲ. ಅರೆದು ನುಣ್ಣಗೆ ಮಾಡಿ ಆ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮತ್ತೆ ಪದ ಕೊಟ್ಟಾಗ ಅದನ್ನೂ ಅರೆದು ಎರಡು ಹಿಟ್ಟೂ ಒಂದೇ ಇದೆಯೆ ಎಂದು ನೋಡುತ್ತದೆ. ಮನೆ ಬದಲಾಯಿಸುವಾಗ ಆ ಹಿಟ್ಟನ್ನೇ ಸಾಗಿಸುತ್ತಾರೆ. ಹೀಗಾಗಿ ಬೀಗ ತೆರೆಯದೆ, ಕೀಲಿ ಯಾರದೆಂದು ಕೇಳದೆ, ಪೆಟ್ಟಿಗೆ ಹೇಗಿತ್ತೋ ಹಾಗೆಯೇ ಹೊಸ ಮನೆಗೆ ಹೋಗುತ್ತದೆ. ಹೊಸ ಪಾಸ್‌ವರ್ಡು ಹಾಕಿ ತೆರೆಯುವ ಅಧಿಕಾರ ಪ್ಯಾನೆಲ್ ನೋಡಿಕೊಳ್ಳುವವರಿಗೆ ಇದೆ. ಒಂದು ಗುಂಡಿ ಒತ್ತಿದರೆ ಆಯಿತು. ಮಗಳು ಒತ್ತಲಿಲ್ಲ, ನಾನು ಒತ್ತು ಎನ್ನಲಿಲ್ಲ.

ಅಕ್ಕನ ಯಜಮಾನರಿಗೆ ಫೋನು ಮಾಡಿದೆ. ಎಂಬತ್ತು ದಾಟಿದವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ವಿಷಯವನ್ನೆಲ್ಲ ಎರಡು ಸಲ ಹೇಳಿದೆ. ಹಾಡುಗಳು ಸುರಕ್ಷಿತವಾಗಿ ಹೋದವು ಎಂದಾಗ "ಸಂತೋಷ ಕಣಮ್ಮ" ಎಂದರು. ಪೆಟ್ಟಿಗೆಯ ವಿಷಯ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಫೋನು ಕಡಿದುಹೋಯಿತೇನೋ ಎಂದುಕೊಂಡೆ. ಆಮೇಲೆ ಹೇಳಿದರು: "ಅವಳಿಗೆ ಬಂದ ಕಾಗದವನ್ನು ನಾನು ಯಾವತ್ತೂ ಒಡೆದವನಲ್ಲ. ಈಗ ಯಾಕೆ? ಮುಚ್ಚಿದ ಹಾಗೇ ಇರಲಿ. ಆದರೆ ಬಿಸಾಡಬೇಡಿ. ಮಕ್ಕಳು ಬರೆದದ್ದು ವಾಪಸ್ಸು ಹೋದರೆ ಅವರಿಗೆ ಬೇಜಾರಾಗುತ್ತೆ."

ಮೊಮ್ಮಗ ಆ ಹೊತ್ತಿಗೆ ಎದ್ದು ಅಳತೊಡಗಿದ್ದರಿಂದ ನಾನು ಒಳಗೆ ಹೋದೆ. ಬರುವಷ್ಟರಲ್ಲಿ ಮಗಳು ಆ ಹೆಸರಿನ ಮುಂದೆ ಗುರುತು ಹಾಕಿ ಸಾಗಿಸಿ ಮುಗಿಸಿದ್ದಳು.

ಓದುತ್ತಿರುವ ನಿಮ್ಮಲ್ಲಿ ಕೆಲವರ ಮಹಿಳಾ ಸಮಾಜಕ್ಕೋ, ಶಾಲೆಗೋ, ಮನೆಯವರ ಅಂಗಡಿಗೋ ವೆಬ್‌ಸೈಟು ಇರಬಹುದು. ಅದರ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಸಾಮಾನು ಯಾವ ಸರ್ವರಿನಲ್ಲಿದೆ, ಅದರ ಒಂದು ಪ್ರತಿ ನಿಮ್ಮ ಕೈಯಲ್ಲಿದೆಯೇ ಎಂದು ಒಮ್ಮೆ ವಿಚಾರಿಸಿ. ಚಿನ್ನದ ಸರ ಯಾವ ಲಾಕರಿನಲ್ಲಿದೆ ಎಂದು ತಿಳಿದಿರುವಷ್ಟೇ ಇದೂ ತಿಳಿದಿರಬೇಕು. ಸಾಗಿಸುವವರು "ಎಲ್ಲ ಬಂತು" ಎಂದಾಗ ನಂಬಿ, ನಂಬಿದ ಮೇಲೆ ನೋಟುಪುಸ್ತಕ ಹಿಡಿದು ಒಂದೊಂದಾಗಿ ತೆರೆದೂ ನೋಡಿ.

ನಮ್ಮ 64 ಹಾಡುಗಳ ಒಂದು ಪ್ರತಿ ಈಗ ಶಾಲೆಯ ಬೀರುವಿನಲ್ಲಿದೆ. ಇನ್ನೊಂದು ನನ್ನ ಮನೆಯಲ್ಲಿ, ಮತ್ತೊಂದು ಅಕ್ಕನ ಯಜಮಾನರ ಹತ್ತಿರ. ಅವರು ಸಂಜೆ ಹೊತ್ತು ಕೇಳುತ್ತಾರಂತೆ, ಹಾಡಿಗಿಂತ ನಡುವೆ ಬರುವ ಆ ದನಿಗಾಗಿ.

2024ರ ಸೆಪ್ಟೆಂಬರ್ 6ರ ಬೆಳಿಗ್ಗೆ ಮಗಳ ಫೋನು ಬಂತು. "ಅಮ್ಮ, ನಿನ್ನೆ ಅವರ ಪೆಟ್ಟಿಗೆಗೆ ಹನ್ನೊಂದು ಪತ್ರ ಬಂದಿದೆ" ಎಂದಳು. ಹೊಸ ಮನೆಯ ವಿಳಾಸಕ್ಕೇ ಸರಿಯಾಗಿ ಬಂದಿದ್ದವು.